ವಹಿಯ ಮೇಲೆ ನೇರಳೆ ಬೆಳಕು: ಹಲಸಂಗಿಯ ಸೀಮೆಯಲ್ಲಿ

ವಿಜಯಪುರದಿಂದ ಸೋಲಾಪುರದ ಹೆದ್ದಾರಿ ಹಿಡಿದು ಉತ್ತರಕ್ಕೆ ಸಾಗಿದರೆ ಹೊರ್ತಿ, ಝಳಕಿ ದಾಟುವಷ್ಟರಲ್ಲಿ ಭೀಮೆಯ ಸೀಮೆ ಹತ್ತಿರವಾಗುತ್ತದೆ. ಎರಡೂ ಬದಿಗೆ ಎರೆಹೊಲ. ಹಿಂಗಾರಿ ಜೋಳದ ಕಾಲದಲ್ಲಿ ಕಣ್ಣು ಹಾಯುವವರೆಗೂ ಹಸಿರು, ಬೇಸಿಗೆಯಲ್ಲಿ ಬಿರುಕು ಬಿಟ್ಟ ಕರಿಮಣ್ಣು. ನಡುನಡುವೆ ಈಚಿನ ದಶಕಗಳ ದ್ರಾಕ್ಷಿ ಚಪ್ಪರ, ದಾಳಿಂಬೆ, ನಿಂಬೆಯ ತೋಟ. ಹಳೆಯ ಇಂಡಿ ತಾಲ್ಲೂಕಿನ ಹಲಸಂಗಿ ಇರುವುದು ಈ ಸೀಮೆಯಲ್ಲೇ. ವಿಜಯಪುರಕ್ಕೆ ಗುಮ್ಮಟ ನೋಡಲು ಬಂದವರು ಇತ್ತ ತಿರುಗುವುದು ಅಪರೂಪ. ಆದರೂ ಕನ್ನಡ ಓದುವವರಿಗೆ ಇದು ಯಾತ್ರೆಯ ಊರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಇವರ ಗೆಳೆಯರ ಬಳಗ ಇಲ್ಲಿ ಕೂಡಿತು. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಪಕ್ಕದಲ್ಲಿ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು, ಗಂಡಸರು ಹಾಡುತ್ತಿದ್ದ ಲಾವಣಿಗಳನ್ನು ಕೇಳಿ ಬರೆದುಕೊಂಡಿತು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಅಚ್ಚಾದವು. ಕನ್ನಡದ ಜನಪದ ಸಾಹಿತ್ಯದ ಅಧ್ಯಯನ ಇವತ್ತಿಗೂ ಈ ಮೂರು ಪುಸ್ತಕಗಳ ಹೆಸರು ಹೇಳದೆ ಶುರುವಾಗುವುದಿಲ್ಲ.

ಬಾಯಿಂದ ಅಚ್ಚಿಗೆ ಹೋಗುವ ದಾರಿಯಲ್ಲಿ ಆ ಹಾಡುಗಳಿಗೆ ನಡುವೆ ಒಂದು ನಿಲುಗಡೆ ಇತ್ತು, ಅದು ಕೈಬರಹದ ಕಾಗದ. ಹಾಡು ಹೇಳಿದವರು ಹೋದರು, ಅಚ್ಚಾದ ಪುಸ್ತಕ ಉಳಿಯಿತು. ನಡುವಿನ ಕಾಗದದ ಬಗ್ಗೆ ನಾವು ಯೋಚಿಸುವುದು ಕಡಿಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳೆಯ ಮನೆಗಳಲ್ಲಿ ಇಂಥ ಕಾಗದಕ್ಕೆ ಬರವಿಲ್ಲ. ಲಾವಣಿ ಮೇಳದವರು ಪದ ಬರೆದಿಟ್ಟ ವಹಿ, ಡೊಳ್ಳಿನ ಹಾಡಿನ ವಹಿ, ಭಜನೆಯ ಪದಗಳ ವಹಿ, ದೊಡ್ಡಾಟದ ಮಾತಿನ ಪ್ರತಿ, ಮೋಡಿ ಲಿಪಿಯಲ್ಲಿ ಬರೆದ ಕುಲಕರ್ಣಿಗಳ ದಫ್ತರ, ಛಾಪಾ ಕಾಗದದ ಮೇಲಿನ ಖರೀದಿ ಪತ್ರ ಹೀಗೆ ಒಂದೇ ಟ್ರಂಕಿನಲ್ಲಿ ಹಾಡೂ ಹೊಲವೂ ಒಟ್ಟಿಗೆ ಮಲಗಿರುತ್ತವೆ. ನಾನು ಹೇಳಹೊರಟಿರುವುದು ಇಷ್ಟು: ಈ ಕಾಗದಗಳನ್ನು ಸ್ಕ್ಯಾನ್ ಮಾಡುವ ಮೊದಲು, ಅಂಟಿಸುವ ಮೊದಲು, ಮುಖ್ಯವಾಗಿ ಲ್ಯಾಮಿನೇಶನ್ ಮಾಡಿಸುವ ಮೊದಲು, ಅವು ಇರುವ ಊರಿನಲ್ಲೇ, ಕತ್ತಲು ಮಾಡಿದ ಒಂದು ಕೋಣೆಯಲ್ಲಿ, ಅತಿನೇರಳೆ ದೀಪದ ಕೆಳಗೆ ಒಮ್ಮೆ ನೋಡಬೇಕು. ಖರ್ಚು ಕಡಿಮೆಯ ಈ ಒಂದು ಕೆಲಸ ತಪ್ಪಿದರೆ ಕಾಗದದ ಅರ್ಧ ಚರಿತ್ರೆ ನಮ್ಮ ಕೈಯಿಂದಲೇ ಅಳಿಸಿಹೋಗುತ್ತದೆ.

ದೀಪ ಹೊಸದೇನಲ್ಲ. ಬ್ಯಾಂಕಿನ ಕೌಂಟರಿನಲ್ಲಿ, ಇಂಡಿಯ ಅಡತಿ ಅಂಗಡಿಗಳಂಥ ಕಡೆ, ಐನೂರರ ನೋಟನ್ನು ತೂರಿಸಿ ನೋಡುವ ನೇರಳೆ ದೀಪ ಎಲ್ಲರಿಗೂ ಗೊತ್ತು. ಅದರ ಕೆಳಗೆ ಅಸಲಿ ನೋಟಿನ ಕಾಗದ ಮಂಕಾಗಿಯೇ ಇರುತ್ತದೆ, ಅದರೊಳಗಿನ ಸಣ್ಣ ಎಳೆಗಳು ಮಿನುಗುತ್ತವೆ. ನಡೆಯುವುದು ಇಷ್ಟೇ: ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಕೆಲವು ವಸ್ತುಗಳು ಹೀರಿಕೊಂಡು, ಅದರ ಶಕ್ತಿಯ ಒಂದು ಪಾಲನ್ನು ಕಣ್ಣಿಗೆ ಕಾಣುವ ಬೆಳಕಾಗಿ ಹೊರಬಿಡುತ್ತವೆ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತೇವೆ. ಕೆಲವು ವಸ್ತುಗಳು ಕಿರಣವನ್ನು ಹೀರಿಕೊಂಡು ಸುಮ್ಮನಾಗುತ್ತವೆ. ಅವು ಕಪ್ಪಗೆ ಕಾಣುತ್ತವೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1903ರಲ್ಲಿ ಕಾಣುವ ಬೆಳಕನ್ನು ತಡೆದು ಅತಿನೇರಳೆಯನ್ನು ಮಾತ್ರ ಬಿಡುವ ಗಾಜನ್ನು ರೂಪಿಸಿದ. ಜರ್ಮನಿಯ ಬೆನೆಡಿಕ್ಟೈನ್ ಸನ್ಯಾಸಿ ರಾಫೆಲ್ ಕ್ಯೋಗೆಲ್ 1914ರ ಹೊತ್ತಿಗೆ, ಒರೆಸಿ ಮತ್ತೆ ಬರೆದ ಚರ್ಮದ ಹಾಳೆಗಳ ಅಡಿಬರಹವನ್ನು ಈ ಬೆಳಕಿನಲ್ಲಿ ಫೋಟೋ ತೆಗೆದು ಓದತೊಡಗಿದ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಜೇಮ್ಸ್ ರೋರಿಮರ್, ಕಲಾಕೃತಿಗಳ ಪರೀಕ್ಷೆಗೆ ಅತಿನೇರಳೆ ಕಿರಣ ಬಳಸುವುದರ ಬಗ್ಗೆ ಒಂದು ಪುಸ್ತಕವನ್ನೇ ಬರೆದು ಪ್ರಕಟಿಸಿದ್ದು 1931ರಲ್ಲಿ. ‘ಗರತಿಯ ಹಾಡು’ ಬಂದ ವರ್ಷವೇ ಅದು. ಹಾಡು ಬರೆದಿಟ್ಟ ಕಾಗದವನ್ನು ಹೇಗೆ ನೋಡಬೇಕೆಂಬ ತಿಳಿವಳಿಕೆ, ಆ ಹಾಡು ಅಚ್ಚಾಗುವ ಹೊತ್ತಿಗೇ ಲೋಕದಲ್ಲಿ ಇತ್ತು. ಅದು ನಮ್ಮ ಹಳ್ಳಿಗಳ ತನಕ ಬರಲಿಲ್ಲ, ಅಷ್ಟೇ.

ಒಂದು ಲಾವಣಿ ವಹಿಯನ್ನು ಹತ್ತಿರದಿಂದ ನೋಡೋಣ. ಹರದೇಶಿ, ನಾಗೇಶಿ ಎಂದು ಎರಡು ಪಕ್ಷವಾಗಿ ಸವಾಲು ಜವಾಬು ಹಾಡುವ ಈ ಸೀಮೆಯಲ್ಲಿ ವಹಿ ಗುರುವಿನಿಂದ ಶಿಷ್ಯನಿಗೆ ಬರುವ ಆಸ್ತಿ. ಪದದ ಕೊನೆಯ ನುಡಿಯಲ್ಲಿ ಕಟ್ಟಿದವನ ಹೆಸರು, ಊರು, ಗುರುವಿನ ಹೆಸರು ಬರುತ್ತವೆ. ಅದೇ ಅಂಕಿತ. ಮೇಳ ಬದಲಾದಾಗ, ಪದ ಕೈ ಬದಲಾಯಿಸಿದಾಗ ಅಂಕಿತವೂ ಬದಲಾಗುವುದುಂಟು. ಹಗಲಿನ ಬೆಳಕಿನಲ್ಲಿ ಅಂಥ ಹಾಳೆ ಸಾಮಾನ್ಯವಾಗಿಯೇ ಕಾಣಬಹುದು: ಮಾಸಿದ ಕಾಗದ, ಕಂದು ತಿರುಗಿದ ಶಾಯಿ, ಕೊನೆಯ ಸಾಲಿನ ಹೆಸರು ಸ್ವಲ್ಪ ದಪ್ಪ. ಅದನ್ನೇ ದೀಪದ ಕೆಳಗಿಟ್ಟರೆ ಕಾಗದ ಮಸುಕು ಹಾಲಿನ ಬಣ್ಣಕ್ಕೋ ತಿಳಿನೀಲಿಗೋ ತಿರುಗುತ್ತದೆ. ಹಳೆಯ ನೀಲಿಗಪ್ಪು ಶಾಯಿಯಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅದು ಕಿರಣವನ್ನು ಹೀರಿ ಕಪ್ಪಾಗುತ್ತದೆ. ಹಗಲಿನಲ್ಲಿ ಕಣ್ಣು ಕಿರಿದು ಮಾಡಿ ಓದಬೇಕಾಗಿದ್ದ ಸಾಲು ಇಲ್ಲಿ ಎದ್ದು ನಿಲ್ಲುತ್ತದೆ. ಹೆಸರು ಕೆರೆದು ಹೊಸ ಹೆಸರು ಬರೆದಿದ್ದರೆ ಆ ಜಾಗ ಸುತ್ತಲಿನ ಕಾಗದದ ಹಾಗೆ ಬೆಳಗುವುದಿಲ್ಲ. ಕೆರೆಯುವಾಗ ಕಾಗದದ ಮೇಲ್ಮೈಗೆ ಹಚ್ಚಿದ ಗಂಜಿಯೋ ಸರೆಸೋ ಎದ್ದು ಹೋಗಿರುತ್ತದೆ, ಎಳೆಗಳು ಮೇಲೆದ್ದಿರುತ್ತವೆ. ಎರಡನೆಯ ಹೆಸರಿನ ಶಾಯಿ ಬೇರೆ ದೌತಿಯದಾಗಿದ್ದರೆ ಅದೂ ಒಮ್ಮೊಮ್ಮೆ ಬೇರೆಯಾಗಿ ತೋರುತ್ತದೆ. ಕೆರೆದ ಜಾಗದಲ್ಲಿ ಹಳೆಯ ಶಾಯಿಯ ಕಬ್ಬಿಣ ಎಳೆಗಳೊಳಗೆ ಇಳಿದಿದ್ದರೆ ಮೊದಲಿನ ಹೆಸರಿನ ಗುರುತೂ ಸಿಗಬಹುದು. ಇದರಿಂದ ಯಾರನ್ನೂ ಕಳ್ಳನೆಂದು ಕರೆಯಬೇಕಿಲ್ಲ. ಒಂದು ಪದ ಎಷ್ಟು ಕೈ ದಾಟಿ ಬಂತು, ಯಾವ ಮೇಳ ಅದನ್ನು ತನ್ನದೆಂದು ಒಪ್ಪಿಕೊಂಡಿತು ಎಂಬುದು ಜನಪದದ ಚರಿತ್ರೆಯ ತಿರುಳು, ಮತ್ತು ಆ ಚರಿತ್ರೆ ಅಚ್ಚಿನಲ್ಲಿ ಸಿಗುವುದಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕಾಗದದ ಪ್ರತಿದೀಪ್ತಿಯ ಬಗ್ಗೆ ಇರುವ ಕೈಪಿಡಿಗಳು ಹೆಚ್ಚಾಗಿ ಯುರೋಪಿನ ಕಾಗದ ನೋಡಿ ಬರೆದವು. ಅಲ್ಲಿಯ ಹಳೆಯ ಕಾಗದಕ್ಕೆ ಪ್ರಾಣಿಜನ್ಯ ಸರೆಸು ಹಚ್ಚುತ್ತಿದ್ದರು. ನಮ್ಮ ದಖ್ಖನಿನ ದೌಲತಾಬಾದ್, ಜುನ್ನರಗಳ ಕೈಕಾಗದಕ್ಕೆ ಗಂಜಿ ಹಚ್ಚಿ ಕಲ್ಲಿನಿಂದ ಉಜ್ಜಿ ನುಣುಪು ಮಾಡುತ್ತಿದ್ದರು. ಎರಡೂ ದೀಪದ ಕೆಳಗೆ ಒಂದೇ ಥರ ಬೆಳಗುವುದಿಲ್ಲ. ಅದಕ್ಕಿಂತ ಮುಖ್ಯ, ನಮ್ಮ ಕಾಗದ ನಮ್ಮ ಪೂಜೆಯನ್ನೂ ಹೊತ್ತಿರುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಖಾತೆ ಕಿರ್ದಿಗೆ, ಆಯುಧಪೂಜೆಗೆ ವಹಿಗೆ ಅರಿಶಿನ ಕುಂಕುಮ ಹಚ್ಚುವುದು ಮನೆಮನೆಯ ರೂಢಿ. ಬೀರಪ್ಪ, ಮಾಳಿಂಗರಾಯ ದೇವರುಗಳ ಒಕ್ಕಲಿನ ಡೊಳ್ಳಿನ ಹಾಡಿನವರ ವಹಿಗೆ ಜಾತ್ರೆಯ ಭಂಡಾರ ಬಿದ್ದಿರುತ್ತದೆ, ಅದೂ ಅರಿಶಿನವೇ. ಅರಿಶಿನದ ಕುರ್ಕುಮಿನ್ ಬೆಳಕಿಗೆ ಬೇಗ ಮಾಸುತ್ತದೆ, ಹಗಲಿನಲ್ಲಿ ಕಲೆ ಕಾಣದಷ್ಟು ಮಾಸಿದರೂ ಅತಿನೇರಳೆಯ ಕೆಳಗೆ ಹಳದಿ ಹಸಿರಾಗಿ ಉರಿಯಬಹುದು. ವಹಿಯ ಯಾವ ಹಾಳೆಯನ್ನು ಪೂಜೆಗೆ ತೆರೆದಿಡುತ್ತಿದ್ದರು, ಯಾವ ಮೂಲೆಯನ್ನು ಭಂಡಾರ ಮೆತ್ತಿದ ಬೆರಳು ಮತ್ತೆ ಮತ್ತೆ ಹಿಡಿದು ತಿರುವಿತು ಎಂಬುದು ಹಾಗೆ ಓದಲು ಸಿಗುತ್ತದೆ. ಯುರೋಪಿನ ಪ್ರಯೋಗಾಲಯಕ್ಕೆ ಇದು ಬರೀ ಕಲೆ. ಹಲಸಂಗಿಯವರಿಗೆ ಇದು ಹಾಡಿನ ಬಳಕೆಯ ದಾಖಲೆ. ಆದರೆ ಹಳದಿ ಕಂಡಲ್ಲೆಲ್ಲ ಅರಿಶಿನವೆಂದುಕೊಂಡರೆ ಅಪಾಯ. ಹಳೆಯ ಹಸ್ತಪ್ರತಿಗಳಲ್ಲಿ ತಪ್ಪು ಬರೆದದ್ದನ್ನು ಮುಚ್ಚಲು ಹರಿತಾಳ ಬಳಿಯುತ್ತಿದ್ದರು, ಅದರಲ್ಲಿರುವುದು ಪಾಷಾಣದ ಅಂಶ. ದೀಪದ ಕೆಳಗೆ ಹರಿತಾಳ ಅರಿಶಿನದ ಹಾಗೆ ಉರಿಯುವುದಿಲ್ಲ, ಮಂಕಾಗಿ ಉಳಿಯುತ್ತದೆ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುವ ನಮ್ಮ ರೂಢಿ ನೆನೆದರೆ, ಈ ಎರಡು ಹಳದಿಗಳ ವ್ಯತ್ಯಾಸ ಮುಟ್ಟುವ ಮೊದಲೇ ತಿಳಿಯುವುದು ಒಳ್ಳೆಯದು.

ಕಾಗದವನ್ನು ದೀಪದ ಕೆಳಗೆ ನೋಡಬೇಕೆಂಬ ಮಾತಿಗೆ ಬರುವ ಮೊದಲ ಆಕ್ಷೇಪಣೆ ಬಲವಾದದ್ದೇ. ಹಾಡು ಅಚ್ಚಾಗಿದೆ, ವಚನ ಅಚ್ಚಾಗಿದೆ, ಇನ್ನು ಕಾಗದದ ಗೊಡವೆ ಯಾಕೆ? ಈ ಜಿಲ್ಲೆಯಲ್ಲಿ ಇದನ್ನು ಕೇಳುವವರು ಫ. ಗು. ಹಳಕಟ್ಟಿಯವರ ಹೆಸರು ಹೇಳುತ್ತಾರೆ. ವಕೀಲರಾಗಿ ವಿಜಯಪುರದಲ್ಲಿ ನೆಲೆಸಿದ ಹಳಕಟ್ಟಿಯವರು ಮಠ, ಮನೆಗಳಿಂದ ತಾಳೆಗರಿ, ಕಾಗದದ ಪ್ರತಿಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು. 1925ರಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರುಮಾಡಿದರು. ಬಸವಣ್ಣ ಹುಟ್ಟಿದ ಬಾಗೇವಾಡಿಯ ನಾಡಿನಲ್ಲಿ ವಚನಗಳು ಮತ್ತೆ ಮನೆಮಾತಾದದ್ದು ಅಚ್ಚಿನಿಂದ. ನಿಜ. ಆದರೆ ವಿದ್ವಾಂಸರು ಇವತ್ತು ಕೇಳುತ್ತಿರುವ ಪ್ರಶ್ನೆಗಳನ್ನು ನೋಡಿ: ಈ ವಚನ ಯಾವ ಪ್ರತಿಯಲ್ಲಿ ಮೊದಲು ಸಿಕ್ಕಿತು, ಅಂಕಿತ ಮೊದಲಿನಿಂದ ಇತ್ತೇ, ಪಾಠಾಂತರ ಎಲ್ಲಿ ಹುಟ್ಟಿತು. ಈ ಪ್ರಶ್ನೆಗಳು ಎಲ್ಲವೂ ಅಚ್ಚಿನ ಹಿಂದಕ್ಕೆ, ಪ್ರತಿಯ ಕಡೆಗೇ ಹೋಗುತ್ತವೆ. ಅಚ್ಚು ಮಾಡುವವರು ಆಯ್ಕೆ ಮಾಡಲೇಬೇಕು. ಆರು ನುಡಿಯಲ್ಲಿ ಒಂದನ್ನು ಬಿಡಬೇಕು, ತುಂಡಾದ ಸಾಲನ್ನು ಕೂಡಿಸಬೇಕು. ಆ ಆಯ್ಕೆಯ ಗುರುತು ಉಳಿಯುವುದು ಕೈಬರಹದಲ್ಲಿ. ಮೊದಲು ಪೆನ್ಸಿಲಿನಲ್ಲಿ ಅವಸರದಿಂದ ಬರೆದದ್ದು, ಆಮೇಲೆ ರಬ್ಬರಿನಿಂದ ಒರೆಸಿ ಶಾಯಿಯಲ್ಲಿ ತಿದ್ದಿದ್ದು ಇವೆಲ್ಲ ಕೇಳಿ ಬರೆಯುವವರ ಕಾಗದದಲ್ಲಿ ಇರುವಂಥವೇ. ಇನ್ನೂ ಒಂದು ಸಂಗತಿ ಇದೆ. 1920ರ, 30ರ ದಶಕದ ಅಗ್ಗದ ಮರದ ತಿರುಳಿನ ಕಾಗದ ಆಮ್ಲದಿಂದ ತನ್ನನ್ನು ತಾನೇ ತಿನ್ನುತ್ತದೆ. ಅಂಥ ಕಾಗದದ ಮೇಲೆ ಅಚ್ಚಾದ ಪತ್ರಿಕೆಯ ಸಂಚಿಕೆಗಳು ಮಡಿಸಿದಲ್ಲೇ ಮುರಿಯುತ್ತವೆ. ಅಚ್ಚು ಉಳಿಸಿತೆಂದು ನಂಬಿ ಕೂತರೆ, ಉಳಿಸಿದ ಅಚ್ಚೇ ಪುಡಿಯಾಗಿರುತ್ತದೆ.

ಆಮ್ಲದ ಜೊತೆಗೆ ಕಾಗದಕ್ಕೆ ನೀರಿನ ಕಾಟವೂ ಇದೆ. ಇಂಡಿಯಿಂದ ಪೂರ್ವಕ್ಕೆ ಆಲಮೇಲ, ದೇವಣಗಾಂವ ಕಡೆ ಹೊರಟರೆ ಭೀಮೆ ಜೊತೆಗೇ ಇರುತ್ತದೆ. 2020ರ ಅಕ್ಟೋಬರಿನಲ್ಲಿ ಈ ನದಿ ದಂಡೆಯ ಹಳ್ಳಿಗಳಿಗೆ ನುಗ್ಗಿದ್ದು ಯಾರೂ ಮರೆತಿಲ್ಲ. ದಕ್ಷಿಣಕ್ಕೆ ಬಾಗೇವಾಡಿ, ಮುದ್ದೇಬಿಹಾಳ ಸೀಮೆಗೆ ಇಳಿದರೆ ಕೃಷ್ಣೆಯ ಕಥೆ. ಆಲಮಟ್ಟಿ ಜಲಾಶಯದ ನೀರು 519.60 ಮೀಟರಿಗೆ ನಿಲ್ಲುತ್ತದೆ. ಆ ಗೆರೆಯ ಕೆಳಗಿದ್ದ ಊರುಗಳು ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದವು. ಎತ್ತು, ಪಾತ್ರೆ, ಕಂಬಗಳ ಜೊತೆ ಟ್ರಂಕುಗಳೂ ಹೋದವು. ಪರಿಹಾರದ ಲೆಕ್ಕಕ್ಕೆ ಉತಾರಿ, ಖರೀದಿ ಪತ್ರ ಬೇಕಾಗಿದ್ದರಿಂದ ಅವನ್ನು ಜೋಪಾನ ಮಾಡಿದರು, ಹಾಡಿನ ವಹಿ ತಳದಲ್ಲಿ ಉಳಿಯಿತು. ಬರದ ನಾಡೆಂದೇ ಹೆಸರಾದ ಈ ಜಿಲ್ಲೆಯ ಒಣ ಹವೆ ಕಾಗದಕ್ಕೆ ಬಹುಮಟ್ಟಿಗೆ ಹಿತ. ಆದರೆ ಒಮ್ಮೆ ನೆನೆದ ಕಾಗದದ ಕಥೆ ಬೇರೆ. ನೀರು ಹಾಳೆಯೊಳಗೆ ಹಬ್ಬುವಾಗ ಕೊಳೆಯನ್ನೂ ಕರಗಿದ ಆಮ್ಲವನ್ನೂ ಮುಂದೆ ತಳ್ಳಿಕೊಂಡು ಹೋಗಿ, ಒಣಗುವ ಅಂಚಿನಲ್ಲಿ ಬಿಟ್ಟುಬಿಡುತ್ತದೆ. ಹಗಲಿನಲ್ಲಿ ಅದು ಕಂದು ಗೆರೆ. ದೀಪದ ಕೆಳಗೆ ಆ ಗೆರೆ ಇನ್ನೂ ಅಗಲವಾಗಿ, ಕಂದು ಕಾಣದ ಕಡೆಗೂ ಹಬ್ಬಿ, ಮಸುಕಾಗಿ ಮಿನುಗುತ್ತದೆ. ಅಲ್ಲಿಯೇ ಮುಂದೆ ಕಾಗದ ಬಿರಿಯುವುದು. ಬೂಷ್ಟಿನ ಮಾತೂ ಹಾಗೆಯೇ. ಒದ್ದೆ ಕಾಗದದಲ್ಲಿ ಎರಡು ಮೂರು ದಿನಗಳಲ್ಲಿ ಬೂಷ್ಟು ಬೇರೂರುತ್ತದೆ; ಅದರ ಕೆಲವು ಜಾತಿಗಳು, ಹಾಗೆಯೇ ಮುಂದೆ ಕಂದು ಚುಕ್ಕೆಯಾಗಲಿರುವ ಜಾಗಗಳು, ಬರಿಗಣ್ಣಿಗೆ ಕಾಣುವ ಮೊದಲೇ ದೀಪದ ಕೆಳಗೆ ತಿಳಿಹಳದಿ ಚುಕ್ಕೆಗಳಾಗಿ ತೋರುತ್ತವೆ. ಯಾವ ವಹಿಯನ್ನು ಬೇರೆಯಾಗಿ ಇಡಬೇಕು, ಯಾವುದನ್ನು ಮೊದಲು ಮೃದುವಾದ ಕುಂಚದಿಂದ ಒರೆಸಬೇಕು ಎಂದು ತೀರ್ಮಾನಿಸಲು ಇದಕ್ಕಿಂತ ಬೇಗದ ದಾರಿ ಇಲ್ಲ. ಬೂಷ್ಟು ಸತ್ತಿದೆಯೋ ಬದುಕಿದೆಯೋ ಎಂದು ಮಾತ್ರ ದೀಪ ಹೇಳಲಾರದು.

ಅತಿನೇರಳೆ ಕಾಗದಕ್ಕೆ ವಿಷವಲ್ಲವೇ ಎಂಬುದು ಎರಡನೆಯ ಆಕ್ಷೇಪಣೆ. ವಸ್ತುಸಂಗ್ರಹಾಲಯಗಳು ಕಾಗದದ ಮೇಲೆ ಬೀಳುವ ಬೆಳಕನ್ನು 50 ಲಕ್ಸಿಗೆ ಇಳಿಸುತ್ತವೆ, ಅದರಲ್ಲಿನ ಅತಿನೇರಳೆ ಪ್ರತಿ ಲ್ಯೂಮೆನ್ನಿಗೆ 75 ಮೈಕ್ರೊವ್ಯಾಟ್ ಮೀರಬಾರದೆನ್ನುತ್ತವೆ. ಕಿಟಕಿಗಾಜಿಗೆ ತಡೆಪಟ್ಟಿ ಅಂಟಿಸುವವರೇ ದೀಪ ಹಿಡಿದು ಕಾಗದದ ಮೇಲೆ ಅದೇ ಕಿರಣ ಬಿಡುವುದು ಮೇಲ್ನೋಟಕ್ಕೆ ವಿರೋಧವೇ. ಬೆಳಕಿನ ಹಾನಿ ಸಂಚಯದ ಲೆಕ್ಕ ಎಂಬುದನ್ನು ನೆನಪಿಟ್ಟರೆ ವಿರೋಧ ಕರಗುತ್ತದೆ. ಎಷ್ಟು ತೀವ್ರ ಎಂಬುದನ್ನು ಎಷ್ಟು ಹೊತ್ತು ಎಂಬುದರಿಂದ ಗುಣಿಸಬೇಕು. ವರ್ಷವಿಡೀ ತೂಗುಹಾಕಿದ ಚಿತ್ರಕ್ಕೂ, ಐದು ನಿಮಿಷ ದೀಪ ಕಂಡು ಮತ್ತೆ ಕತ್ತಲೆಗೆ ಹೋಗುವ ಹಾಳೆಗೂ ಲೆಕ್ಕ ಒಂದೇ ಅಲ್ಲ. ನಮ್ಮಲ್ಲಿ ಹುಳ ಬೀಳಬಾರದೆಂದು, ತೇವ ಆರಲೆಂದು ಹಳೆಯ ಪುಸ್ತಕಗಳನ್ನು ಬಿಸಿಲಿಗೆ ಹರವುವ ರೂಢಿಯಿದೆ. ಮೇ ತಿಂಗಳ ಮಧ್ಯಾಹ್ನ ಮಾಳಿಗೆಯ ಮೇಲೆ ಒಂದು ತಾಸು ಬಿಸಿಲು ಕಂಡ ವಹಿಗೆ ಬೀಳುವ ಅತಿನೇರಳೆ, ಕೈದೀಪದ ಕೆಳಗೆ ಐದು ನಿಮಿಷದಲ್ಲಿ ಬೀಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾನಿಯ ಭಯ ನಿಜವಾಗಿ ಇದ್ದರೆ ಮೊದಲು ನಿಲ್ಲಿಸಬೇಕಾದ್ದು ಬಿಸಿಲಿಗೆ ಹಾಕುವುದನ್ನು. ಆದರೂ ಎರಡು ಷರತ್ತುಗಳಲ್ಲಿ ರಾಜಿ ಬೇಡ. ಬಳಸುವ ದೀಪ 365 ನ್ಯಾನೋಮೀಟರಿನ ಉದ್ದ ತರಂಗದ್ದೇ ಆಗಿರಬೇಕು. ನೀರು ಶುದ್ಧಿಗೆ, ರೋಗಾಣು ಕೊಲ್ಲಲು ಬಳಸುವ 254ರ ದೀಪವನ್ನು ಬೂಷ್ಟು ಸಾಯಲೆಂದು ಕಾಗದದ ಮೇಲೆ ಹಚ್ಚುವ ಉತ್ಸಾಹ ಕಾಗದಕ್ಕೂ ಕಣ್ಣಿಗೂ ಚರ್ಮಕ್ಕೂ ಕೇಡು. ಮತ್ತು ನೋಡುವವರು ಅತಿನೇರಳೆ ತಡೆಯುವ ಕನ್ನಡಕ ಹಾಕಲೇಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು.

ದೀಪಕ್ಕೆ ಅಭಿಮಾನಿಗಳು ಹೆಚ್ಚಾದಾಗ ಬರುವ ತೊಂದರೆ ಇನ್ನೊಂದು. ನೋಟಿನ ದೀಪದ ಅಭ್ಯಾಸ ಇರುವ ನಮಗೆ ಎಲ್ಲವನ್ನೂ ಅಸಲಿ ನಕಲಿ ಎಂದು ಎರಡು ಪಾಲು ಮಾಡುವ ಚಪಲ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕಗಳು ಬಳಕೆಗೆ ಬಂದದ್ದು ಸುಮಾರು 1950ರ ನಂತರ. ಅವು ಇರುವ ಕಾಗದ ದೀಪದ ಕೆಳಗೆ ಕಣ್ಣು ಕುಕ್ಕುವ ನೀಲಿಬಿಳುಪಾಗಿ ಹೊಳೆಯುತ್ತದೆ. 1983ರಲ್ಲಿ ಜರ್ಮನಿಯ ‘ಷ್ಟರ್ನ್’ ವಾರಪತ್ರಿಕೆ ಹಿಟ್ಲರನ ದಿನಚರಿ ಸಿಕ್ಕಿದೆಯೆಂದು ಪ್ರಕಟಿಸಿದಾಗ, ಸರಕಾರಿ ತಜ್ಞರ ಪರೀಕ್ಷೆಯಲ್ಲಿ ಅದು ಸುಳ್ಳೆಂದು ತೋರಿಸಿಕೊಟ್ಟ ಸಂಗತಿಗಳಲ್ಲಿ ಯುದ್ಧದ ನಂತರದ ಇಂಥ ಹೊಳಪುಕಾರಕವೂ ಒಂದು. ಅಲ್ಲಿ ಹಾಳೆಯ ನಾರಿನಲ್ಲೇ ಅದು ಬೆರೆತಿತ್ತು. ನಮ್ಮ ವಹಿಯ ಮಾತು ಅಷ್ಟು ಸರಳವಲ್ಲ. 1930ರ ದಶಕದ ವಹಿಯೊಂದನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಗಂಟು ಕಟ್ಟಿಟ್ಟಿರುತ್ತಾರೆ. ಆ ಧೋತರ ನಮ್ಮ ಕಾಲದ ಬಟ್ಟೆ ಸೋಪಿನ ಪುಡಿಯಲ್ಲಿ ಹತ್ತಾರು ಸಲ ತೊಳೆದದ್ದು. ಸೋಪಿನ ಪುಡಿಯಲ್ಲೂ ಹೊಳಪುಕಾರಕವೇ ಇರುವುದು. ತೇವ ತಗುಲಿದರೆ ಅದು ಬಟ್ಟೆಯಿಂದ ಅಂಚಿನ ಹಾಳೆಗಳಿಗೆ ಇಳಿಯುತ್ತದೆ. ಅಂಥ ಹಾಳೆ ಅಂಚಿನಲ್ಲಿ ನೀಲಿಯಾಗಿ ಹೊಳೆದರೆ, ಹೇಳಬೇಕಾದ್ದು ಇಷ್ಟೇ: ಇದನ್ನು ತೊಳೆದ ಬಟ್ಟೆಯಲ್ಲಿ ಕಟ್ಟಿದ್ದರು. ಹೊಳೆಯದ ಕಾಗದವೆಲ್ಲ ಹಳೆಯದು ಎನ್ನುವುದೂ ಅಷ್ಟೇ ತಪ್ಪು, ಇವತ್ತಿಗೂ ಹೊಳಪುಕಾರಕವಿಲ್ಲದ ಕಾಗದ ತಯಾರಾಗುತ್ತದೆ. ದೀಪ ಪ್ರಶ್ನೆ ಎಬ್ಬಿಸುತ್ತದೆ, ವಸ್ತುವಿನ ಹೆಸರು ಹೇಳುವುದಿಲ್ಲ. ಅದರ ಕೆಳಗೆ ಕಂಡ ಬಣ್ಣವೊಂದನ್ನೇ ನಂಬಿ ಆಸ್ತಿಯ ಪತ್ರ ಖೋಟಾ ಎಂದು ತೀರ್ಮಾನ ಕೊಡುವವರಿಂದ ಈ ಸೀಮೆಯ ಮನೆಗಳು ದೂರ ಇರಲಿ. ಹೊಲದ ವ್ಯಾಜ್ಯಕ್ಕೆ ಕೋರ್ಟು, ಅದರ ತಜ್ಞರು ಇದ್ದಾರೆ.

ಸ್ಕ್ಯಾನ್ ಮಾಡಿದರೆ ಸಾಕಲ್ಲ ಎನ್ನುವವರಿಗೆ ಉತ್ತರ ಕೊಡಲು ಕರ್ನಾಟಕದ್ದೇ ಒಂದು ಉದಾಹರಣೆ ಇದೆ. ಉಡುಪಿಯಲ್ಲಿದ್ದ, ಮಧ್ವಾಚಾರ್ಯರ ಸರ್ವಮೂಲ ಗ್ರಂಥದ ತಾಳೆಗರಿ ಪ್ರತಿ ಓದಲಾಗದಷ್ಟು ಕಪ್ಪಾಗಿತ್ತು. ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅದನ್ನು ಕೈಗೆತ್ತಿಕೊಂಡರು. ಈಸ್ಟನ್, ಆರ್ಕಿಮಿಡೀಸನ ಬರಹವನ್ನು ಒರೆಸಿ ಪ್ರಾರ್ಥನಾ ಪುಸ್ತಕ ಬರೆದ ಚರ್ಮದ ಹಾಳೆಗಳನ್ನು ಓದಿದ ತಂಡದಲ್ಲಿದ್ದವರು. ಅಲ್ಲಿ ಕಬ್ಬಿಣದ ಶಾಯಿಯ ಗುರುತನ್ನು ಹೊರತೆಗೆಯಲು ಅತಿನೇರಳೆ ನೆರವಾಗಿತ್ತು. ಉಡುಪಿಯ ಗರಿಗೆ ಅದೇ ಬೆಳಕು ಹಿಡಿಯಲಿಲ್ಲ. ಗರಿಯೇ ಕಪ್ಪು, ಅಕ್ಷರಕ್ಕೆ ತುಂಬಿದ ಕಾಡಿಗೆಯೂ ಕಪ್ಪು. ಅಲ್ಲಿ ಕೆಲಸಕ್ಕೆ ಬಂದದ್ದು ವರ್ಣಪಟಲದ ಇನ್ನೊಂದು ತುದಿಯ ಅವಕೆಂಪು. ಗರಿ ಅವಕೆಂಪಿಗೆ ತಿಳಿಯಾಯಿತು, ಕಾಡಿಗೆ ಕಪ್ಪಾಗಿಯೇ ನಿಂತಿತು. ಯಾವ ವಸ್ತುವಿಗೆ ಯಾವ ಬೆಳಕು ಎಂಬುದನ್ನು ವಸ್ತುವೇ ತೀರ್ಮಾನಿಸುತ್ತದೆ. ಮನೆಯ ಸ್ಕ್ಯಾನರು ಬಿಳಿ ಬೆಳಕೊಂದನ್ನೇ ಬಲ್ಲದು. ಅದು ನಮ್ಮ ಕಣ್ಣು ಕಂಡದ್ದನ್ನು ನಕಲು ಮಾಡುತ್ತದೆ, ಕಣ್ಣು ಕಾಣದ್ದನ್ನು ಅಲ್ಲೇ ಬಿಡುತ್ತದೆ. ಬಿಟ್ಟದ್ದಕ್ಕೆ ಆಮೇಲೆ ಹಿಂದಿರುಗಬಹುದಿತ್ತು, ಕಾಗದ ಹಾಗೇ ಉಳಿದಿದ್ದರೆ. ಆದರೆ ಸ್ಕ್ಯಾನ್ ಆಯಿತೆಂಬ ಸಮಾಧಾನದಲ್ಲಿ ಮೂಲವನ್ನು ಝೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಶನ್ ಮಾಡಿಸುವುದು ಊರೂರಿನ ಪದ್ಧತಿಯಾಗಿದೆ. ಬಿಸಿ ಉರುಳೆಗಳ ನಡುವೆ ಪ್ಲಾಸ್ಟಿಕ್ಕು ಕರಗಿ ನಾರಿನೊಳಗೆ ಇಳಿಯುತ್ತದೆ. ಹರಿಯದೆ ಬಿಡಿಸಿಕೊಳ್ಳಲಾಗದು, ಒಳಗಿನ ಆಮ್ಲ ಒಳಗೇ ಉಳಿಯುತ್ತದೆ. ಅದರ ಮೇಲೆ ಯಾವ ದೀಪ ಹಿಡಿದರೂ ಮೊದಲು ಉತ್ತರ ಕೊಡುವುದು ಪ್ಲಾಸ್ಟಿಕ್ಕು ಮತ್ತು ಅದರ ಅಂಟು. ಸೆಲ್ಲೋಟೇಪಿನದೂ ಇದೇ ಪಾಡು. ವರ್ಷಗಳಾದ ಮೇಲೆ ಪಟ್ಟಿ ಉದುರುತ್ತದೆ, ಅಂಟು ಹಳದಿಯಾಗಿ ಅಕ್ಷರದೊಳಗೆ ಕೂರುತ್ತದೆ.

ಹಾಗಾದರೆ ಎಲ್ಲವನ್ನೂ ದೊಡ್ಡ ಸಂಸ್ಥೆಗೆ ಒಪ್ಪಿಸಿಬಿಡಿ ಎಂಬ ಸಲಹೆ ಬರುತ್ತದೆ. ಇದಕ್ಕೆ ಉತ್ತರ ವಿಜಯಪುರದ ಅಸಾರ್ ಮಹಲಿನಲ್ಲೇ ನಿಂತಿದೆ. ಸುಮಾರು 1646ರಲ್ಲಿ ಮೊಹಮ್ಮದ್ ಆದಿಲಶಾಹ ಕಟ್ಟಿಸಿದ ಆ ಮಹಲಿನಲ್ಲಿ ಆದಿಲಶಾಹಿ ಅರಮನೆಯ ಪುಸ್ತಕಗಳಲ್ಲಿ ಉಳಿದವು ಇದ್ದವು. ಬ್ರಿಟಿಷರು 1853ರಲ್ಲಿ ಅವನ್ನು ಲಂಡನ್ನಿಗೆ ಸಾಗಿಸಿದರು. ಇವತ್ತು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ನ್ಯಾಯವಾಗಿ ಹೇಳಬೇಕೆಂದರೆ ಅವು ಉಳಿದಿವೆ. ಮಹಲಿನಲ್ಲೇ ಬಿಟ್ಟಿದ್ದರೆ ಗೆದ್ದಲು ಎಷ್ಟು ಬಿಡುತ್ತಿತ್ತೋ. ಅವುಗಳ ಮೊದಲ ಹಾಳೆಗಳಲ್ಲಿ ಗ್ರಂಥಾಲಯದ ಮುದ್ರೆ, ಪುಸ್ತಕ ಬಂದ ದಿನದ ಟಿಪ್ಪಣಿಗಳಿವೆ. ಮಾಸಿದ ಮುದ್ರೆ ಓದಲು ಎಲ್ಲ ಬಗೆಯ ಬೆಳಕೂ ಆ ಊರಿನಲ್ಲಿ ಇದೆ. ಆದರೆ ಪುಸ್ತಕ ಓದಬೇಕಾದ ವಿಜಯಪುರದ ಉರ್ದು, ಫಾರಸಿ ಬಲ್ಲ ಹುಡುಗ ಸಮುದ್ರ ದಾಟಬೇಕು. ಸಾಗಿಸಿದಾಗ ಕಾಗದ ಉಳಿಯುತ್ತದೆ, ಅದರ ಸುತ್ತಲಿನ ತಿಳಿವಳಿಕೆ ಉಳಿಯುವುದಿಲ್ಲ. ಲಾವಣಿ ವಹಿಯ ಮೂಲೆಯಲ್ಲಿ ಉರಿಯುವ ಹಳದಿ ಯಾವ ಜಾತ್ರೆಯ ಭಂಡಾರ, ಕೆರೆದ ಹೆಸರಿನ ಮನೆತನ ಈಗ ಎಲ್ಲಿದೆ, ಪೆನ್ಸಿಲಿನಲ್ಲಿ ಬಿಟ್ಟ ನುಡಿಯನ್ನು ಇನ್ನೂ ಹಾಡುವ ಅಜ್ಜಿ ಯಾರು ಎಂದು ಹೇಳಬಲ್ಲವರು ಆ ಊರಿನಲ್ಲೇ ಇದ್ದಾರೆ. ಕಾಗದ ದೀಪದ ಕಡೆಗೆ ನೂರಾರು ಕಿಲೋಮೀಟರು ಹೋಗುವುದಕ್ಕಿಂತ ದೀಪ ಕಾಗದದ ಕಡೆಗೆ ಬರುವುದು ಹಗುರ. ಚಿಕಿತ್ಸೆ ಬೇಕಾದವನ್ನು ಆಮೇಲೆ ಮೈಸೂರಿನ ಸಂರಕ್ಷಣಾ ಪ್ರಯೋಗಾಲಯಕ್ಕೋ, ಧಾರವಾಡ, ಹಂಪಿಯ ಹಸ್ತಪ್ರತಿ ವಿಭಾಗಗಳ ಸಲಹೆಗೋ ಒಯ್ಯಬಹುದು. ಯಾವುದಕ್ಕೆ ಬೇಕು ಎಂಬ ವಿಂಗಡಣೆ ಮೊದಲು ಇಲ್ಲಿ ಆಗಲಿ.

ಮಾಡುವವರು ಯಾರು ಎಂದು ಕೇಳಿದರೆ, ಹಲಸಂಗಿಯಲ್ಲಿ ಈ ಪ್ರಶ್ನೆಗೆ ಒಮ್ಮೆ ಉತ್ತರ ಸಿಕ್ಕಿತ್ತು. ಹಳ್ಳಿಯ ನಾಲ್ವರು ಗೆಳೆಯರು ಸರಕಾರದ ಆದೇಶಕ್ಕೆ, ವಿಶ್ವವಿದ್ಯಾಲಯದ ಅನುದಾನಕ್ಕೆ ಕಾಯದೆ ಹಾಡು ಕೂಡಿಸಿದರು. ಈ ಸೀಮೆಯಲ್ಲಿ ಆಗ ವಿಶ್ವವಿದ್ಯಾಲಯವೂ ಇರಲಿಲ್ಲ. ದೀಪದ ಕೆಲಸಕ್ಕೆ ಅಷ್ಟು ತಪಸ್ಸು ಬೇಡ. ಪಿಯು ಕಾಲೇಜಿನ ಒಬ್ಬ ಕನ್ನಡ ಅಧ್ಯಾಪಕ, ಒಬ್ಬ ಭೌತಶಾಸ್ತ್ರದ ಅಧ್ಯಾಪಕಿ, ಫೋಟೋ ಸ್ಟುಡಿಯೋದ ಒಬ್ಬ ಹುಡುಗ ಸೇರಿದರೆ ತಂಡ ಆಯಿತು. ಈ ಸೀಮೆಯ ಹಳೆಯ ಮಾಳಿಗೆ ಮನೆಯ ಒಳಕೋಣೆಗೆ ಬೆಳಕಿಂಡಿಯೊಂದನ್ನು ಮುಚ್ಚಿದರೆ ಬೇಕಾದಷ್ಟು ಕತ್ತಲು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಟಾರ್ಚುಗಳು ಬಹುಪಾಲು 395 ನ್ಯಾನೋಮೀಟರಿನವು. ಅವುಗಳಿಂದ ಕಾಣುವ ನೇರಳೆ ಬೆಳಕೂ ಹೊರಬಂದು ಕಾಗದದ ಮಂದ ಮಿನುಗನ್ನು ಮುಳುಗಿಸುತ್ತದೆ. 365ರದ್ದು, ಅದೂ ಕಪ್ಪು ಗಾಜಿನ ಸೋಸಕ ಇರುವುದು, ಕೇಳಿ ತರಿಸಬೇಕು. ಕೆಳಗೆ ಹಾಸಲು ಕಪ್ಪು ಬಟ್ಟೆ ಬೇಕು. ಮಿನುಗದ ಬಟ್ಟೆ ಹೌದೋ ಎಂದು ಮೊದಲು ಅದನ್ನೇ ದೀಪದ ಕೆಳಗೆ ನೋಡಬೇಕು. ಕಣ್ಣು ಕತ್ತಲಿಗೆ ಒಗ್ಗಲು ಐದು ನಿಮಿಷ ಬಿಟ್ಟು, ದೀಪವನ್ನು ಓರೆಯಾಗಿ ಹಿಡಿದು, ಕ್ಯಾಮೆರಾದ ಮುಂದೆ ಅತಿನೇರಳೆ ತಡೆಯುವ ಸೋಸಕ ಹಾಕಿ, ಪಕ್ಕದಲ್ಲಿ ಪ್ರತಿ ಸಲವೂ ಅದೇ ಹೋಲಿಕೆಯ ಕಾಗದದ ತುಂಡನ್ನು ಇಟ್ಟು ಫೋಟೋ ತೆಗೆಯಬೇಕು. ಹಾಳೆಯೊಂದಕ್ಕೆ ಎರಡು ಚಿತ್ರ, ಒಂದು ಹಗಲಿನದು, ಒಂದು ದೀಪದ್ದು, ಎರಡೂ ಒಂದೇ ಅಳತೆಯಲ್ಲಿ. ಎರಡರ ಜೊತೆಗೆ ಒಂದು ಚೀಟಿ: ಎಲ್ಲಿ ಏನು ಮಿನುಗಿತು, ಎಲ್ಲಿ ಕಪ್ಪಾಯಿತು ಎಂಬುದಷ್ಟನ್ನೇ ಬರೆದು, ಅದು ಯಾಕೆಂಬ ಊಹೆಯನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಚೀಟಿಯ ಒಂದು ಪ್ರತಿ ವಹಿಯ ಮನೆಯವರ ಕೈಯಲ್ಲೇ ಇರಬೇಕು. ವಹಿ ಅದೇ ಟ್ರಂಕಿಗೆ ಹಿಂದಿರುಗುವಾಗ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಮೇಲೆ ಸೋಪಿನ ಪುಡಿ ಕಾಣದ, ನೀರಿನಲ್ಲಷ್ಟೇ ಕುದಿಸಿ ಒಣಗಿಸಿದ ಮಾದರಪಾಟಿನ ಬಟ್ಟೆ ಕಟ್ಟಬೇಕು.